ವಾಂತಿ ಮಾಡುವ ಮಗುವಿಗೆ ಚಮಚವೇ ಮೊದಲ ಔಷಧ

ಶಿರಡಿಯಲ್ಲಿ ದರ್ಶನ ಮುಗಿಸಿ ನಾಸಿಕ್, ಅಲ್ಲಿ ಪಂಚವಟಿ ಮತ್ತು ರಾಮಕುಂಡ, ಅಲ್ಲಿಂದ ಮೂವತ್ತು ಕಿಲೋಮೀಟರಿನಷ್ಟು ದೂರದ ತ್ರ್ಯಂಬಕೇಶ್ವರ. ಆಮೇಲೆ ಛತ್ರಪತಿ ಸಂಭಾಜಿನಗರದ ಕಡೆ ಹೊರಳಿ ಎಲ್ಲೋರ, ಅದರ ಮಗ್ಗುಲಲ್ಲೇ ಘೃಷ್ಣೇಶ್ವರ. ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಗಾಡಿ ಮಾಡಿಕೊಂಡು ಹೊರಡುವ ಕುಟುಂಬಗಳಿಗೆ ಇದು ರೂಢಿಯ ದಾರಿ. 2027ರಲ್ಲಿ ನಾಸಿಕ್ ಮತ್ತು ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳವೂ ಇರುವುದರಿಂದ ಈ ದಾರಿಯಲ್ಲಿ ಸಾಗುವ ಕನ್ನಡಿಗರ ಸಂಖ್ಯೆ ಹೆಚ್ಚೇ ಆಗುತ್ತದೆ. ಮಕ್ಕಳು, ಮರಿ, ಅಜ್ಜಿ, ತಾತ ಎಲ್ಲರೂ ಜೊತೆಗಿರುತ್ತಾರೆ. ಬ್ಯಾಗಿನಲ್ಲಿ ಚಕ್ಕುಲಿ, ಚೂಡಾ, ಜ್ವರದ ಸಿರಪ್ ಇರುತ್ತವೆ. ಓಆರ್‌ಎಸ್ ಪೊಟ್ಟಣ ಮಾತ್ರ ಇರುವುದಿಲ್ಲ.

ಎರಡು ಮೂರು ವರ್ಷದ ಮಗು ರಾತ್ರಿ ಉಂಡು ಮಲಗಿದ್ದು ನಡುರಾತ್ರಿ ಎದ್ದು ವಾಂತಿ ಮಾಡುತ್ತದೆ. ಅರ್ಧ ಗಂಟೆಗೆ ಇನ್ನೊಮ್ಮೆ. ಬೆಳಗಾಗುವ ಹೊತ್ತಿಗೆ ಭೇದಿಯೂ ಸೇರಿಕೊಳ್ಳುತ್ತದೆ. ಮೊದಲು ವಾಂತಿ, ಆಮೇಲೆ ನೀರುನೀರಾದ ಭೇದಿ, ಜೊತೆಗೆ ಸಣ್ಣ ಜ್ವರ: ರೋಟಾವೈರಸ್, ನೊರೊವೈರಸ್‌ಗಳಿಂದ ಬರುವ ಹೊಟ್ಟೆಯ ಸೋಂಕು ಸಾಮಾನ್ಯವಾಗಿ ನಡೆಯುವುದೇ ಹೀಗೆ. ಹೆಚ್ಚಿನ ಮಕ್ಕಳಲ್ಲಿ ವಾಂತಿ ಒಂದೆರಡು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಭೇದಿ ಐದಾರು ದಿನ ಎಳೆಯಬಹುದು. ಈ ಕಾಯಿಲೆಯಲ್ಲಿ ಜೀವಕ್ಕೆ ಅಪಾಯ ತರುವುದು ಮುಖ್ಯವಾಗಿ ಮೈಯಿಂದ ಸೋರಿಹೋಗುವ ನೀರು ಮತ್ತು ಲವಣ. ಹಾಗಾಗಿ ಚಿಕಿತ್ಸೆ ಎಂದರೆ ಹೋದದ್ದನ್ನು ಹೋದಷ್ಟೇ ಬೇಗ ಮರಳಿ ತುಂಬುವುದು.

ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ‘ಏನು ಕೊಟ್ಟರೂ ಕಕ್ಕುತ್ತೆ, ಏನೂ ಕೊಡಬೇಡ, ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ’ ಎಂದು ಹಿರಿಯರು ಹೇಳುತ್ತಾರೆ. ಬಾಯಾರಿದ ಮಗು ಲೋಟ ಕಂಡರೆ ಕೈಚಾಚುತ್ತಿರುತ್ತದೆ, ನಾವು ತಡೆಯುತ್ತೇವೆ. ಮಗುವಿನ ಹಟ ತಡೆಯಲಾರದೆ ಒಮ್ಮೆಲೇ ಒಂದು ಲೋಟ ಕುಡಿಸುತ್ತೇವೆ, ಅದು ಅಷ್ಟನ್ನೂ ಕಕ್ಕುತ್ತದೆ, ‘ನೋಡಿ, ನೀರೂ ನಿಲ್ಲುತ್ತಿಲ್ಲ, ಗ್ಲೂಕೋಸ್ ಏರಿಸಲೇಬೇಕು’ ಎಂದು ಆಸ್ಪತ್ರೆಗೆ ಓಡುತ್ತೇವೆ. ವಾಂತಿ ಮಾಡುವ ಬಹುಪಾಲು ಮಕ್ಕಳು ಕುಡಿಯಬಲ್ಲರು. ಅವರ ಹೊಟ್ಟೆ ಒಪ್ಪಿಕೊಳ್ಳದಿರುವುದು ಲೋಟವನ್ನು. ಚಮಚಕ್ಕೆ ಅದು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಕುಡಿಸುವ ಲೆಕ್ಕ

ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನಿರಿ. ಆಮೇಲೆ ಓಆರ್‌ಎಸ್ ನೀರನ್ನು ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಕೊಡಿ. ಅರ್ಧ ಗಂಟೆ ಹೀಗೆ ನಡೆದು ವಾಂತಿ ಆಗದಿದ್ದರೆ ಅಂತರ ಕಡಿಮೆ ಮಾಡುತ್ತಾ ಬನ್ನಿ. ಮತ್ತೆ ವಾಂತಿಯಾದರೆ ಹೆದರಬೇಡಿ. ಹೊರಬಂದದ್ದು ಎಷ್ಟೇ ದೊಡ್ಡದಾಗಿ ಕಂಡರೂ ಕುಡಿದದ್ದರಲ್ಲಿ ಒಂದು ಪಾಲು ಕರುಳಿಗೆ ಇಳಿದಿರುತ್ತದೆ. ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರುಮಾಡಿ. ಚಮಚ ಒಲ್ಲೆ ಎನ್ನುವ ಕೂಸಿಗೆ ಸೂಜಿಯಿಲ್ಲದ 5 ಎಂಎಲ್ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ಹನಿಹನಿಯಾಗಿ ಬಿಡಬಹುದು. ಔಷಧದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಇದು ಪ್ರವಾಸದ ಚೀಲದಲ್ಲಿ ಇರಬೇಕಾದ ವಸ್ತು.

ಮೈಯಲ್ಲಿ ನೀರು ಸ್ವಲ್ಪ ಮಟ್ಟಿಗೆ ಇಳಿದಿದೆ ಅನ್ನುವಾಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ, ಮಗುವಿನ ಪ್ರತಿ ಕಿಲೋ ತೂಕಕ್ಕೆ 75 ಎಂಎಲ್‌ನಂತೆ ನಾಲ್ಕು ಗಂಟೆಯಲ್ಲಿ ಓಆರ್‌ಎಸ್. ಹನ್ನೆರಡು ಕಿಲೋ ಮಗುವಾದರೆ 900 ಎಂಎಲ್. ಕೇಳಿದರೆ ಗಾಬರಿಯಾಗುವಷ್ಟು ಅನಿಸುತ್ತದೆ. ನಾಲ್ಕು ಗಂಟೆಗೆ ಹಂಚಿದರೆ ನಿಮಿಷಕ್ಕೆ ನಾಲ್ಕು ಎಂಎಲ್ಲೂ ಇಲ್ಲ, ಹೆಚ್ಚು ಕಡಿಮೆ ಒಂದೂಕಾಲು ನಿಮಿಷಕ್ಕೆ ಒಂದು ಟೀ ಚಮಚ. ಒಬ್ಬರ ಕೈಲಿ ಇದು ಆಗುವುದಿಲ್ಲ. ಅಮ್ಮ ಒಂದು ಗಂಟೆ, ಅಪ್ಪ ಒಂದು ಗಂಟೆ, ಅಜ್ಜಿ ಒಂದು ಗಂಟೆ ಎಂದು ಸರದಿ ಹಾಕಿಕೊಳ್ಳಿ. ಈ ಬೇಸರದ ಕೆಲಸವೇ ಚಿಕಿತ್ಸೆ. ಎದೆಹಾಲು ಕುಡಿಯುವ ಕೂಸಿಗೆ ಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು. ಪದೇ ಪದೇ, ಸ್ವಲ್ಪ ಸ್ವಲ್ಪವೇ ಕುಡಿಸಿ.

ಪೊಟ್ಟಣ ಕಲಸುವುದರಲ್ಲಿ ಎಡವುವವರು ಬಹಳ. ಮಾರುಕಟ್ಟೆಯಲ್ಲಿ ಎರಡು ಅಳತೆಯವು ಸಿಗುತ್ತವೆ: ಒಂದು ಲೀಟರಿಗೆ ಪೂರಾ ಕಲಸಬೇಕಾದ ದೊಡ್ಡದು, 200 ಎಂಎಲ್‌ಗೆ ಕಲಸಬೇಕಾದ ಸಣ್ಣದು. ದೊಡ್ಡ ಪೊಟ್ಟಣದಿಂದ ಎರಡು ಚಮಚ ಪುಡಿ ತೆಗೆದು ಲೋಟಕ್ಕೆ ಹಾಕಿ, ಉಳಿದದ್ದನ್ನು ಮಡಚಿಡುವುದು ಅಪಾಯ. ಉಪ್ಪು ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಪ್ರವಾಸದಲ್ಲಿ ಅತಿ ಸುಲಭದ ದಾರಿ ಎಂದರೆ ಸೀಲ್ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ಕೊಂಡು, ದೊಡ್ಡ ಪೊಟ್ಟಣ ಪೂರಾ ಸುರಿದು, ಮುಚ್ಚಳ ಹಾಕಿ ಪುಡಿ ಕರಗುವವರೆಗೆ ಕುಲುಕುವುದು. ಮುಚ್ಚಳದ ಮೇಲೆ ಹೊತ್ತು ಬರೆದಿಡಿ. ಇಪ್ಪತ್ನಾಲ್ಕು ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಪೊಟ್ಟಣ ಎಲ್ಲೂ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಗುಪ್ಪೆಯಾಗದಂತೆ ಮಟ್ಟಸ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಬಹುದು.

ಬಣ್ಣದ ಡಬ್ಬಿಯ ಸಿಹಿ ಪಾನೀಯಗಳ ವಿಷಯದಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಓಆರ್‌ಎಸ್ ಎಂಬ ಹೆಸರನ್ನೇ ಹೊತ್ತುಕೊಂಡ, ಸಕ್ಕರೆ ಎಷ್ಟೋ ಪಟ್ಟು ಹೆಚ್ಚಿರುವ ಪಾನೀಯಗಳು ವರ್ಷಗಟ್ಟಲೆ ಔಷಧದ ಅಂಗಡಿಗಳಲ್ಲೇ ಮಾರಾಟವಾದವು. ಅಷ್ಟು ಸಕ್ಕರೆ ಕರುಳಿಗೆ ಹೋದರೆ ನೀರನ್ನು ಒಳಗೆ ಎಳೆದುಕೊಂಡು ಭೇದಿ ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಹಲವು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆಹಾರ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಬಾರದೆಂದು ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರಬೇಕು. ಎಳನೀರು, ಮಜ್ಜಿಗೆ, ಗಂಜಿತಿಳಿ ಒಳ್ಳೆಯವೇ, ಮೈಯಲ್ಲಿ ನೀರು ಇನ್ನೂ ಇಳಿದಿಲ್ಲದ ಮಗುವಿಗೆ ಧಾರಾಳವಾಗಿ ಕೊಡಿ. ನೀರು ಇಳಿದ ಮಗುವಿಗೆ ಅವು ಓಆರ್‌ಎಸ್‌ನ ಬದಲಿ ಆಗಲಾರವು.

ಆಸ್ಪತ್ರೆಯ ಬಾಗಿಲಲ್ಲಿ

ಯಾವಾಗ ಹೊರಡಬೇಕು? ಮಗು ಆರೆಂಟು ಗಂಟೆ ಮೂತ್ರ ಮಾಡಿಲ್ಲ, ಕಣ್ಣು ಗುಳಿಬಿದ್ದಿದೆ, ಅತ್ತರೆ ಕಣ್ಣೀರಿಲ್ಲ, ನಾಲಿಗೆ ಒಣಗಿದೆ, ಕೂಸಿನ ನೆತ್ತಿ ಕುಳಿಬಿದ್ದಿದೆ, ಚಮಚದಲ್ಲಿ ಕೊಟ್ಟದ್ದೂ ಪ್ರತಿ ಸಲ ಹೊರಬರುತ್ತಿದೆ, ಮಲದಲ್ಲಿ ರಕ್ತವಿದೆ ಎಂದಾದರೆ ತಡಮಾಡಬೇಡಿ. ಆರು ತಿಂಗಳೊಳಗಿನ ಕೂಸಾದರೆ ಇಷ್ಟಕ್ಕೆಲ್ಲ ಕಾಯುವುದೇ ಬೇಡ. ಮಗು ಮಂಕಾಗಿ, ಕರೆದರೂ ಕಣ್ಣು ಬಿಡದೆ, ಕೈಕಾಲು ತಣ್ಣಗಾಗಿದ್ದರೆ 108ಕ್ಕೆ ಕರೆಮಾಡಿ. ಮಹಾರಾಷ್ಟ್ರದಲ್ಲೂ ಆಂಬುಲೆನ್ಸಿಗೆ ಅದೇ ಸಂಖ್ಯೆ. ನಾಸಿಕದಲ್ಲಿ ಜಿಲ್ಲಾ ಸಿವಿಲ್ ಆಸ್ಪತ್ರೆ ಇದೆ. ಸಂಭಾಜಿನಗರದಲ್ಲಿ 1956ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಆಟೊದವರಿಗೆ ‘ಘಾಟಿ’ ಎಂದರೆ ಸಾಕು. ಮರಾಠಿಯಲ್ಲಿ ವಾಂತಿಗೆ ಉಲಟಿ, ಭೇದಿಗೆ ಜುಲಾಬ್, ಮೂತ್ರಕ್ಕೆ ಲಘವಿ ಎನ್ನುತ್ತಾರೆ. ಈ ಮೂರು ಗೊತ್ತಿದ್ದರೆ ಅರ್ಧ ಮಾತು ಮುಗಿದಂತೆ. ಮಗುವಿನ ತೂಕ, ಎಷ್ಟು ಸಲ ವಾಂತಿಯಾಯಿತು, ವಾಂತಿಯ ಬಣ್ಣ, ಕೊನೆಯ ಬಾರಿ ಮೂತ್ರ ಮಾಡಿದ ಹೊತ್ತು, ಈಗಾಗಲೇ ಕೊಟ್ಟ ಔಷಧದ ಬಾಟಲಿ, ಇಷ್ಟು ನಿಮ್ಮ ಕೈಯಲ್ಲಿರಲಿ.

ತುರ್ತು ವಿಭಾಗದಲ್ಲಿ ವೈದ್ಯರು ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದೆತ್ತಿ ಬಿಡುತ್ತಾರೆ. ತಟ್ಟನೆ ಸಮವಾದರೆ ಸರಿ. ನಿಧಾನವಾಗಿ ಇಳಿದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಡಿಕೆಯಾಗಿಯೇ ನಿಂತರೆ ತೀವ್ರ ಕೊರತೆ. ಲೋಟ ತೋರಿಸಿದಾಗ ಮಗು ಆಸೆಯಿಂದ ಎಳೆದುಕೊಳ್ಳುತ್ತದೋ, ಕುಡಿಯಲೂ ಶಕ್ತಿಯಿಲ್ಲದೆ ಬಿದ್ದಿದೆಯೋ ನೋಡುತ್ತಾರೆ. ಕಣ್ಣು, ಚರ್ಮ, ಬಾಯಾರಿಕೆ, ಮಗುವಿನ ಎಚ್ಚರ, ಈ ನಾಲ್ಕರ ಮೇಲೆ ಚಿಕಿತ್ಸೆಯ ಹಾದಿ ನಿರ್ಧಾರವಾಗುತ್ತದೆ. ತುಂಬಾ ಹೊತ್ತು ಏನೂ ತಿನ್ನದ ಸಣ್ಣ ಮಗುವಾದರೆ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಮಟ್ಟ ನೋಡುವುದುಂಟು.

ವಾಂತಿ ತಡೆಯುವ ಔಷಧ ಬರುವುದು ಇಲ್ಲಿ. ಇಂದು ಮಕ್ಕಳ ಹೊಟ್ಟೆಯ ಸೋಂಕಿನಲ್ಲಿ ಗಟ್ಟಿ ಆಧಾರವಿರುವ ಔಷಧ ಒಂದೇ, ಒಂಡಾನ್ಸೆಟ್ರಾನ್. ಸೋಂಕಿಗೆ ಒಳಗಾದ ಕರುಳು ಸೆರೊಟೊನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ ನರಗಳ ಮೂಲಕ ಮಿದುಳಿಗೆ ವಾಂತಿಯ ಸಂದೇಶ ಕಳಿಸುತ್ತದೆ. ಈ ಔಷಧ ಆ ಸಂದೇಶವನ್ನು ತಡೆಯುತ್ತದೆ. 2006ರಲ್ಲಿ ಅಮೆರಿಕದ ಶಿಕಾಗೊದ ಮಕ್ಕಳ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ 215 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಬಾಯಲ್ಲಿ ಕರಗುವ ಒಂದೇ ಒಂದು ಮಾತ್ರೆ ಪಡೆದವರಲ್ಲಿ ಓಆರ್‌ಎಸ್ ಕುಡಿಸುವಾಗ ವಾಂತಿ ಮಾಡಿದವರು ಶೇ. 14, ಸುಳ್ಳು ಮಾತ್ರೆ ಪಡೆದವರಲ್ಲಿ ಶೇ. 35. ಡ್ರಿಪ್ ಬೇಕಾದವರು ಶೇ. 14 ಮತ್ತು ಶೇ. 31. ಆ ಅಧ್ಯಯನದಲ್ಲಿ 8ರಿಂದ 15 ಕಿಲೋ ಮಕ್ಕಳಿಗೆ 2 ಮಿಲಿಗ್ರಾಂ, 15ರಿಂದ 30 ಕಿಲೋ ಇದ್ದವರಿಗೆ 4, ಅದಕ್ಕೂ ಹೆಚ್ಚಿನವರಿಗೆ 8 ಮಿಲಿಗ್ರಾಂ ಕೊಟ್ಟಿದ್ದರು. ಮಾತ್ರೆ ಕೊಟ್ಟು ಕಾಲು ಗಂಟೆಗೆ ಓಆರ್‌ಎಸ್ ಶುರು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಆ ಕಾಲು ಗಂಟೆಯಲ್ಲಿದೆ. ಔಷಧ ಕೊಟ್ಟಿದ್ದು ಕುಡಿಸುವುದಕ್ಕಾಗಿ. ಮಾತ್ರೆ ಕೊಟ್ಟು, ವಾಂತಿ ನಿಂತಿತೆಂದು ಮಗುವನ್ನು ಮಲಗಿಸಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಹಾಗೆಂದು ವಾಂತಿ ಎಂದ ಕೂಡಲೇ ಇದನ್ನು ಕೊಡುವ ಅಗತ್ಯವೂ ಇಲ್ಲ. ಕರಾಚಿಯ ಮಕ್ಕಳಲ್ಲಿ ನಡೆದ ಅಧ್ಯಯನಗಳು ಸ್ಪಷ್ಟವಾಗಿ ಹೇಳಿದ್ದು ಇಷ್ಟು: ಮೈಯಲ್ಲಿ ನೀರು ಇಳಿದ ಮಕ್ಕಳಲ್ಲಿ ಈ ಔಷಧ ಡ್ರಿಪ್‌ನ ಅಗತ್ಯವನ್ನು ತಗ್ಗಿಸಿತು, ನೀರು ಇಳಿದಿಲ್ಲದ ಮಕ್ಕಳಲ್ಲಿ ತಗ್ಗಿಸಲಿಲ್ಲ. 2025ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತುರ್ತು ವಿಭಾಗದಿಂದ ಮನೆಗೆ ಹೋಗುವಾಗ, ಅಗತ್ಯ ಬಿದ್ದರೆ ಎರಡು ದಿನದೊಳಗೆ ಕೊಡಿ ಎಂದು ಆರು ಡೋಸ್ ಸಿರಪ್ ಕಳಿಸಲಾಗಿತ್ತು. ಕಾಯಿಲೆ ಮಧ್ಯಮ ಅಥವಾ ತೀವ್ರ ಮಟ್ಟಕ್ಕೆ ಹೋದವರು ಔಷಧ ಪಡೆದ ಗುಂಪಿನಲ್ಲಿ ಶೇ. 5.1, ಪಡೆಯದ ಗುಂಪಿನಲ್ಲಿ ಶೇ. 12.5. ಭೇದಿ ಸ್ವಲ್ಪ ಹೆಚ್ಚಾಗುವುದು ಈ ಔಷಧದ ಸಾಮಾನ್ಯ ಅಡ್ಡಪರಿಣಾಮ. ಹೃದಯದ ಬಡಿತದ ತೊಂದರೆ ಇರುವ ಮಗುವಾದರೆ, ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು ಆಗಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ. ನಮ್ಮಲ್ಲಿ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ಗೆ 2 ಮಿಲಿಗ್ರಾಂ ಇರುತ್ತದೆ, ಆದರೂ ಬಾಟಲಿ ಓದಿ, ವೈದ್ಯರು ಎಂಎಲ್ ಲೆಕ್ಕದಲ್ಲಿ ಬರೆದುಕೊಟ್ಟಷ್ಟನ್ನೇ ಕೊಡಿ.

ಡೊಂಪೆರಿಡೋನ್ ನಮ್ಮ ಊರುಗಳಲ್ಲಿ ಇಂದಿಗೂ ಧಾರಾಳವಾಗಿ ನಡೆಯುತ್ತದೆ. 2016ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಅದು ಸುಳ್ಳು ಔಷಧಕ್ಕಿಂತ ಮೇಲೇನೂ ಆಗಲಿಲ್ಲ, ಒಂಡಾನ್ಸೆಟ್ರಾನ್ ಮಾತ್ರ ಡ್ರಿಪ್‌ನ ಅಗತ್ಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತು. ಮೆಟೊಕ್ಲೊಪ್ರಮೈಡ್ ಕೊಟ್ಟ ಕೆಲವು ಮಕ್ಕಳಲ್ಲಿ ಕತ್ತು ಒಂದು ಕಡೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ, ನೋಡಿದವರು ಫಿಟ್ಸ್ ಎಂದು ಬೆಚ್ಚುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಉಸಿರಾಟಕ್ಕೇ ಕುತ್ತು ತರಬಲ್ಲದು. ಭೇದಿ ಕಟ್ಟುವ ಲೊಪೆರಮೈಡ್ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ವೈರಾಣುವಿನಿಂದ ಬಂದದ್ದಕ್ಕೆ ಆ್ಯಂಟಿಬಯೋಟಿಕ್ ಉಪಯೋಗವಿಲ್ಲ.

ಡ್ರಿಪ್ ಬೇಕಾಗುವುದು ತೀವ್ರವಾಗಿ ನೀರು ಇಳಿದ, ಕುಡಿಯಲಾರದ ಮಗುವಿಗೆ. ಆಗ ಕೊಡಬೇಕಾದ್ದು ರಿಂಗರ್ಸ್ ಲ್ಯಾಕ್ಟೇಟ್‌ನಂಥ ಲವಣದ ದ್ರಾವಣ, ಕಿಲೋಗೆ 100 ಎಂಎಲ್: ಒಂದು ವರ್ಷದೊಳಗಿನ ಕೂಸಿಗೆ ಆರು ಗಂಟೆಯಲ್ಲಿ, ದೊಡ್ಡ ಮಕ್ಕಳಿಗೆ ಮೂರು ಗಂಟೆಯಲ್ಲಿ. ಬರೀ ‘ಗ್ಲೂಕೋಸ್ ಬಾಟ್ಲಿ’ ಈ ಕೆಲಸಕ್ಕೆ ಆಗುವುದಿಲ್ಲ, ಅದರಲ್ಲಿ ಕಳೆದುಹೋದ ಲವಣವೇ ಇಲ್ಲ. ತೀರಾ ಅಪೌಷ್ಟಿಕತೆಯ ಮಗುವಿಗಂತೂ ಡ್ರಿಪ್ ವೇಗವಾಗಿ ಏರಿಸಿದರೆ ಹೃದಯಕ್ಕೆ ಭಾರ, ಅಂಥವರ ಲೆಕ್ಕವೇ ಬೇರೆ. ಎಚ್ಚರವಾಗಿರುವ, ಕುಡಿಯಬಲ್ಲ ಮಗುವಿಗೆ ಸೂಜಿ ಚುಚ್ಚದೆ ಚಮಚ ಕೊಟ್ಟು ಕೂರಿಸಿದ ವೈದ್ಯರನ್ನು ದಯವಿಟ್ಟು ‘ಏನೂ ಮಾಡಲಿಲ್ಲ’ ಎಂದು ಬೈಯಬೇಡಿ. ಅವರು ಸರಿಯಾದದ್ದನ್ನೇ ಮಾಡಿದ್ದಾರೆ.

ಮೊದಲು ವಾಂತಿ ತಡೆ, ಆಮೇಲೆ ಬಾಯಿಂದ ಕುಡಿಸು ಎನ್ನುವ ಈ ಕ್ರಮವನ್ನು ಪರದೇಶದಿಂದ ಬಂದ ಹೊಸ ವಿಚಾರ ಎಂದುಕೊಳ್ಳಬಾರದು. ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಕಾಲರಾ ರೋಗಿಗಳ ವಾಂತಿಯನ್ನು ಔಷಧದಿಂದ ಹತೋಟಿಗೆ ತಂದು ಉಪ್ಪು, ಗ್ಲೂಕೋಸಿನ ನೀರನ್ನು ಬಾಯಿಂದಲೇ ಕುಡಿಸಿದ ಬಗೆಯನ್ನು ಬರೆದಿದ್ದರು. ಜಗತ್ತು ಆಗ ಕಿವಿಗೊಡಲಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದುಹೋದವು. ಡಾ. ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಓಆರ್‌ಎಸ್ ಕಲಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ರೊಳಗೆ ಇಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು.

ಹೊಟ್ಟೆಯದಲ್ಲದ ವಾಂತಿ

ಈ ಭಾಗವನ್ನು ಎರಡು ಸಲ ಓದಿ. ಘಾಟಿ ರಸ್ತೆಯ ತಿರುವುಗಳಲ್ಲಿ ವಾಂತಿ ಮಾಡಿದ ಮಗು ಗಾಡಿ ನಿಂತ ಮೇಲೆ ಚೇತರಿಸಿಕೊಂಡರೆ ಚಿಂತೆಯಿಲ್ಲ. ವಾಂತಿ ಹಸಿರಾಗಿದ್ದರೆ ಕರುಳಿನಲ್ಲಿ ತಡೆಯಿರಬಹುದು. ಅಲೆಅಲೆಯಾಗಿ ಕಿರುಚಿ ಅಳುವ ಕೂಸಿನ ಮಲದಲ್ಲಿ ರಕ್ತಮಿಶ್ರಿತ ಲೋಳೆ ಕಂಡರೆ ಕರುಳೊಳಗೆ ಕರುಳು ಸಿಕ್ಕಿಕೊಂಡಿರಬಹುದು. ಎರಡಕ್ಕೂ ಶಸ್ತ್ರಚಿಕಿತ್ಸಕರು ಬೇಕು. ಬಿದ್ದು ತಲೆಗೆ ಪೆಟ್ಟಾದ ಮೇಲಿನ ವಾಂತಿ, ತಲೆನೋವು ಮತ್ತು ಕತ್ತು ಬಿಗಿತದ ಜೊತೆಗಿನ ವಾಂತಿ, ಭೇದಿಯೇ ಇಲ್ಲದೆ ಏದುಸಿರು ಬಿಡುತ್ತಾ ವಾಂತಿ ಮಾಡುವ ಮಗುವಿನ ಮಧುಮೇಹ, ಇವು ಯಾವುವೂ ಓಆರ್‌ಎಸ್‌ಗೆ ಬಗ್ಗುವುದಿಲ್ಲ.

ಮಹಾರಾಷ್ಟ್ರದ ಈ ಸೀಮೆಯಲ್ಲಿ ಇನ್ನೆರಡನ್ನು ನೆನಪಿಡಬೇಕು. ಕೆಂಪು ಚೇಳು ಕಡಿದ ಮಗು ಬೆವರಿನಿಂದ ತೊಯ್ದು, ಕೈಕಾಲು ತಣ್ಣಗಾಗಿ, ಮೇಲಿಂದ ಮೇಲೆ ವಾಂತಿ ಮಾಡುತ್ತದೆ. ಹೃದಯಕ್ಕೆ ವಿಷ ಏರುತ್ತಿರುವ ಸೂಚನೆ ಅದು. ರಾಯಗಡ ಜಿಲ್ಲೆಯ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಬಳಕೆಗೆ ತಂದು ಎಷ್ಟೋ ಮಕ್ಕಳ ಜೀವ ಉಳಿಸಿದವರು, 2022ರ ಪದ್ಮಶ್ರೀ ಪುರಸ್ಕೃತರು. ಇನ್ನೊಂದು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ನೋವು, ಬಾವು ಎರಡೂ ಇರುವುದಿಲ್ಲ, ಕಚ್ಚಿದ ಗುರುತೂ ಕಾಣದಿರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿಯಿಂದ ಶುರುವಾಗಿ ರೆಪ್ಪೆ ಜೋತುಬೀಳುತ್ತದೆ. ಛತ್ರದಲ್ಲಿ, ಬಯಲಲ್ಲಿ ಮಲಗಿದ್ದ ಮಗುವಾದರೆ ವೈದ್ಯರಿಗೆ ಆ ಮಾತು ತಿಳಿಸಿ. ಅದೊಂದು ಮಾತಿನಿಂದ ಚಿಕಿತ್ಸೆಯ ದಿಕ್ಕೇ ಬದಲಾಗಬಹುದು.

ನೀರಿನ ವಿಷಯ ಹೇಳದೆ ಮುಗಿಸಲಾಗದು. ತ್ರ್ಯಂಬಕದಲ್ಲಿ ಹುಟ್ಟಿ ರಾಮಕುಂಡ ಹಾದ ಗೋದಾವರಿಯೇ ಮುಂದೆ ಪೈಠಣದ ಜಾಯಕವಾಡಿ ಜಲಾಶಯ ಸೇರಿ, ಅಲ್ಲಿಂದ ಸಂಭಾಜಿನಗರದ ನಲ್ಲಿಗಳಿಗೆ ಬರುತ್ತದೆ. ಆ ನಗರದಲ್ಲಿ ನಲ್ಲಿ ನೀರು ದಿನಗಟ್ಟಲೆ ಬಾರದೆ ಜನ ಡ್ರಮ್ಮು, ಟ್ಯಾಂಕುಗಳಲ್ಲಿ ತುಂಬಿಟ್ಟುಕೊಂಡೇ ಬದುಕುತ್ತಾರೆ. ತುಂಬಿಟ್ಟ ನೀರಿಗೆ ಕೈಸಮೇತ ಅದ್ದುವ ಲೋಟವೇ ಸೋಂಕಿನ ದಾರಿ. ಸ್ನಾನದ ಘಟ್ಟದಲ್ಲಿ ಮಗು ನೀರು ನುಂಗದಂತೆ ನೋಡಿಕೊಳ್ಳಿ, ತೀರ್ಥವೆಂದು ಕೂಸಿನ ಬಾಯಿಗೆ ಹನಿಸುವುದನ್ನೂ ಬಿಡಿ, ತಲೆಗೆ ಪ್ರೋಕ್ಷಿಸಿದರೆ ಸಾಕು. ದಾರಿಬದಿಯ ಐಸ್, ಹೆಚ್ಚಿಟ್ಟ ಹಣ್ಣು ಬೇಡ. ದ್ರಾಕ್ಷಿಯ ನಾಡಿನಲ್ಲಿ ದ್ರಾಕ್ಷಿ ತಿನ್ನಿಸದಿರಲಾದೀತೆ? ಚೆನ್ನಾಗಿ ತೊಳೆದು ಕೊಡಿ. ಮಲವಿಸರ್ಜನೆಯ ನಂತರ, ಡಯಾಪರ್ ಬದಲಿಸಿದ ಮೇಲೆ ಸೋಪಿನಿಂದಲೇ ಕೈ ತೊಳೆಯಿರಿ, ನೊರೊವೈರಸ್‌ನ ಮುಂದೆ ಸ್ಯಾನಿಟೈಸರ್ ಅಷ್ಟಾಗಿ ನಡೆಯುವುದಿಲ್ಲ. ರೋಟಾವೈರಸ್ ಲಸಿಕೆ 2019ರಿಂದ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಉಚಿತವಾಗಿದೆ: 6, 10 ಮತ್ತು 14ನೇ ವಾರಗಳಲ್ಲಿ ಬಾಯಿಗೆ ಹಾಕುತ್ತಾರೆ. ಕೂಸಿನ ಕಾರ್ಡಿನಲ್ಲಿ ಇದೆಯೇ ನೋಡಿಕೊಳ್ಳಿ.

ವಾಂತಿ ಹತೋಟಿಗೆ ಬಂದ ಮೇಲೆ ಊಟ ತಡೆಯಬಾರದು. ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು, ಇಡ್ಲಿ, ಗಂಜಿ ಮಗು ಕೇಳಿದಷ್ಟು ಕೊಡಿ. ಭೇದಿ ಇದ್ದರೆ ಪ್ರತಿ ಸಲಕ್ಕೂ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್ ಓಆರ್‌ಎಸ್ ಮುಂದುವರಿಯಲಿ. ಜಿಂಕ್ ಮಾತ್ರೆಯನ್ನು ವಾಂತಿ ನಿಂತ ಮೇಲೆ ಶುರುಮಾಡಿ, ಮೊದಲೇ ಕೊಟ್ಟರೆ ಅದೂ ವಾಂತಿ ತರಿಸುತ್ತದೆ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕೂ ಚಿಕ್ಕವರಿಗೆ 10 ಮಿಲಿಗ್ರಾಂ, ಹದಿನಾಲ್ಕು ದಿನ. ಭೇದಿ ನಿಂತರೂ ಮಾತ್ರೆ ನಿಲ್ಲಿಸಬೇಡಿ. ಅದೇ ದಿನ ರಾತ್ರಿ ಬಸ್ಸಿಗೆ ಊರು ಸೇರುವ ಅವಸರ ಬೇಡ. ಮಗು ನಾಲ್ಕು ಗಂಟೆ ಓಆರ್‌ಎಸ್ ಹೊಟ್ಟೆಯಲ್ಲಿ ಉಳಿಸಿಕೊಂಡು, ಒಮ್ಮೆಯಾದರೂ ಚೆನ್ನಾಗಿ ಮೂತ್ರ ಮಾಡಿ, ಎದ್ದು ಆಡತೊಡಗಿದ ಮೇಲೆ ಹಗಲಿನಲ್ಲೇ ಹೊರಡಿ. ಕಲಸಿದ ಬಾಟಲಿ, ಚಮಚ, ಎರಡು ಪೊಟ್ಟಣ, ಆಸ್ಪತ್ರೆಯ ಚೀಟಿ ಕೈಗೆಟುಕುವ ಚೀಲದಲ್ಲಿರಲಿ.